ಹಲ್ಲಿನ ಕ್ಲಿನಿಕ್ ಬೆಳೆಯೋದು ಎಲ್ಲಿಂದ? ಹೊಸ ಬ್ರಾಂಚ್‌ಗಿಂತ ಮೊದಲು ಖಾಲಿ ಕುರ್ಚಿ ನೋಡಿ

ದಂತವೈದ್ಯರ ಓದಿನಲ್ಲಿ ದವಡೆಯ ಒಂದೊಂದು ನರದ ಹೆಸರೂ ಬರುತ್ತದೆ. ಬಾಡಿಗೆ ಕರಾರು, ಸಂಬಳದ ಲೆಕ್ಕ, ಸಾಲದ ಕಂತು ಬರುವುದಿಲ್ಲ. ಬಂದರೂ ಒಂದೆರಡು ತರಗತಿಯಲ್ಲಿ ಮುಗಿದುಹೋಗುತ್ತದೆ. ಸ್ವಂತ ಕ್ಲಿನಿಕ್ ತೆರೆದ ದಿನದಿಂದ ಅವರು ಡಾಕ್ಟರೂ ಹೌದು, ವ್ಯಾಪಾರ ನಡೆಸುವವರೂ ಹೌದು. ಎರಡನೇ ಕೆಲಸವನ್ನು ಮಾತ್ರ ಯಾರೂ ಕಲಿಸಿರುವುದಿಲ್ಲ.

ಈಗ ಈ ಕೊರತೆ ಮೊದಲಿಗಿಂತ ಜಾಸ್ತಿ ಕಾಡುತ್ತಿದೆ. ಹೂಡಿಕೆದಾರರ ದುಡ್ಡು ಹಿಂದಿಟ್ಟುಕೊಂಡ ಸರಣಿ ಕ್ಲಿನಿಕ್‌ಗಳು ಹಲವು ದೇಶಗಳಲ್ಲಿ ಒಂದರ ಮೇಲೊಂದು ತೆರೆಯುತ್ತಿವೆ. ಅವು ಸಾಮಾನನ್ನು ಸಗಟಿನಲ್ಲಿ ಕೊಳ್ಳುತ್ತವೆ, ಜಾಹೀರಾತಿಗೆ ಬೇರೆ ತಂಡವನ್ನೇ ಇಟ್ಟುಕೊಳ್ಳುತ್ತವೆ. ಒಬ್ಬರೇ ನಡೆಸುವ ಕ್ಲಿನಿಕ್ಕಿಗೆ ಆಗ ಸಿಗುವ ಸಲಹೆ ಸಾಮಾನ್ಯವಾಗಿ ಮೂರು: ಜಾಹೀರಾತು ಕೊಡಿ, ಹೊಸ ಮೆಷಿನ್ ತನ್ನಿ, ಇನ್ನೊಂದು ಬ್ರಾಂಚ್ ಹಾಕಿ. ಮೂರಕ್ಕೂ ದುಡ್ಡು ಬೇಕು. ಮೂರಕ್ಕಿಂತ ಮೊದಲು ನೋಡಬೇಕಾದದ್ದು ಈಗಾಗಲೇ ಇರುವ ಕುರ್ಚಿಯನ್ನು ಅನ್ನೋದು ನನ್ನ ವಾದ.

ರೋಗಿಗಳ ಕೊರತೆಯಂತೂ ಜಗತ್ತಿನಲ್ಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೊಟ್ಟ ವರದಿಯ ಪ್ರಕಾರ ಸುಮಾರು 350 ಕೋಟಿ ಜನರಿಗೆ ಬಾಯಿಗೆ ಸಂಬಂಧಿಸಿದ ಒಂದಲ್ಲ ಒಂದು ಕಾಯಿಲೆ ಇದೆ. ಅಂದರೆ ಭೂಮಿಯ ಮೇಲಿರುವವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ. ಅವರಲ್ಲಿ ಎಷ್ಟೋ ಮಂದಿ ಡಾಕ್ಟರ ಬಳಿ ಹೋಗುವುದೇ ಇಲ್ಲ. ಕೆಲವರಿಗೆ ದುಡ್ಡಿಲ್ಲ, ಕೆಲವರಿಗೆ ಸೂಜಿಯ ಭಯ, ಇನ್ನು ಕೆಲವರಿಗೆ ಇನ್ನೂ ನೋವು ಶುರುವಾಗಿಲ್ಲ. ಹಾಗಾಗಿ ರೋಗಿಗಳು ಎಲ್ಲಿದ್ದಾರೆ ಅನ್ನುವುದಕ್ಕಿಂತ, ಬಂದವರು ಯಾಕೆ ನಿಲ್ಲುತ್ತಿಲ್ಲ ಅನ್ನುವುದು ಹೆಚ್ಚು ಉಪಯೋಗದ ಪ್ರಶ್ನೆ.

ನೂರರ ಲೆಕ್ಕ

ಒಂದು ಸಣ್ಣ ಲೆಕ್ಕ ಹಾಕೋಣ. ಇದು ಯಾವುದೋ ಸಮೀಕ್ಷೆಯ ಅಂಕಿ ಅಲ್ಲ, ಅರ್ಥ ಮಾಡಿಕೊಳ್ಳುವುದಕ್ಕೆ ಇಟ್ಟುಕೊಂಡ ಉದಾಹರಣೆ. ಕ್ಲಿನಿಕ್ಕಿಗೆ ತಿಂಗಳಿಗೆ 100 ಬರುತ್ತದೆ ಅಂದುಕೊಳ್ಳಿ. ಅದರಲ್ಲಿ 50 ಬಾಡಿಗೆ, ಸಂಬಳ, ಕರೆಂಟು, ಸಾಲದ ಕಂತಿಗೆ ಹೋಗುತ್ತದೆ. ಒಬ್ಬ ರೋಗಿ ಬಂದರೂ, ನೂರು ಜನ ಬಂದರೂ ಈ 50 ಕಟ್ಟಲೇಬೇಕು. ಇನ್ನು 20 ಕ್ಯಾಪ್ ಮಾಡಿಕೊಡುವ ಲ್ಯಾಬಿನ ಬಿಲ್ಲು, ಫಿಲ್ಲಿಂಗ್ ಸಾಮಾನು, ಗ್ಲೌಸ್‌ಗೆ. ಇದು ರೋಗಿ ಬಂದರಷ್ಟೇ ಆಗುವ ಖರ್ಚು. ಕೈಯಲ್ಲಿ ಉಳಿಯುವುದು 30.

ಈಗ ಅದೇ ಕುರ್ಚಿ, ಅದೇ ಸಿಬ್ಬಂದಿ, ಅದೇ ದರ. ಖಾಲಿ ಹೋಗುತ್ತಿದ್ದ ಗಂಟೆಗಳು ತುಂಬಿ ಕೆಲಸ 20 ಶೇಕಡ ಜಾಸ್ತಿಯಾಯಿತು. ಬಂದದ್ದು 120, ಸಾಮಾನಿಗೆ 24, ಉಳಿದ ಖರ್ಚು ಅದೇ 50. ಕೈಗೆ 46. ಕೆಲಸ ಐದನೇ ಒಂದು ಪಾಲು ಹೆಚ್ಚಾದರೆ ಲಾಭ ಅರ್ಧದಷ್ಟು ಹೆಚ್ಚಾಗುತ್ತದೆ.

ಇನ್ನು ಡಿಸ್ಕೌಂಟ್. ಪಕ್ಕದ ರಸ್ತೆಯಲ್ಲಿ ಸರಣಿ ಕ್ಲಿನಿಕ್ ಬಂತು ಅಂತ ಹೆದರಿ ಎಲ್ಲ ಚಿಕಿತ್ಸೆಗೂ 20 ಶೇಕಡ ಕಡಿಮೆ ಮಾಡಿದರು. ರೋಗಿಗಳ ಸಂಖ್ಯೆ ಹಾಗೇ ಇದೆ. ಬಂದದ್ದು 80, ಖರ್ಚು 70, ಕೈಗೆ 10. ದರ ಐದನೇ ಒಂದು ಪಾಲು ಇಳಿದದ್ದಕ್ಕೆ ಲಾಭದ ಮೂರರಲ್ಲಿ ಎರಡು ಪಾಲು ಹೋಯಿತು. ಮೊದಲಿನ 30 ವಾಪಸ್ ಬರಬೇಕಾದರೆ ಮೂರನೇ ಒಂದು ಪಾಲು ಜಾಸ್ತಿ ರೋಗಿಗಳನ್ನು ನೋಡಬೇಕು. ಅಷ್ಟು ಜನ ಬಂದರು ಅಂತಲೇ ಇಟ್ಟುಕೊಳ್ಳಿ. ಡಾಕ್ಟರ ಸೊಂಟ, ಕುತ್ತಿಗೆ ಅದಕ್ಕೆ ಒಪ್ಪಬೇಕಲ್ಲ? ದಿನವಿಡೀ ಬಗ್ಗಿ ಮಾಡುವ ಕೆಲಸ ಇದು. ದಂತವೈದ್ಯರನ್ನು ಕಾಡುವ ತೊಂದರೆಗಳಲ್ಲಿ ಬೆನ್ನು, ಕುತ್ತಿಗೆ ನೋವಿಗೆ ಮೊದಲ ಸಾಲಿನ ಜಾಗವಿದೆ.

ಖಾಲಿ ಗಂಟೆ ಹೊರಟುಹೋದ ಬಸ್ಸಿನ ಖಾಲಿ ಸೀಟಿನ ಹಾಗೆ, ಆಮೇಲೆ ಮಾರಲಾಗುವುದಿಲ್ಲ. ಆ ಗಂಟೆ ಖಾಲಿ ಉಳಿಯುವುದು ಯಾಕೆ? ಅಪಾಯಿಂಟ್‌ಮೆಂಟ್ ತೆಗೆದುಕೊಂಡವರು ಬರುವುದಿಲ್ಲ ಅನ್ನೋದು ಎಲ್ಲರಿಗೂ ಕಾಣುವ ಕಾರಣ. ಹಿಂದಿನ ದಿನ ಒಂದು ಸಂದೇಶ ಕಳಿಸಿ, ಉದ್ದನೆಯ ಕೆಲಸಕ್ಕೆ ಸ್ವಲ್ಪ ಮುಂಗಡ ತೆಗೆದುಕೊಂಡು, ತಕ್ಷಣ ಕರೆದರೆ ಬರಬಲ್ಲವರ ಪಟ್ಟಿಯೊಂದನ್ನು ಕೈಯಲ್ಲಿಟ್ಟುಕೊಂಡರೆ ಇದನ್ನು ಬಹಳ ಮಟ್ಟಿಗೆ ತಡೆಯಬಹುದು. ಆದರೆ ಕಣ್ಣಿಗೆ ಕಾಣದೆ ಸೋರುವ ಸಮಯವೂ ಇದೆ. ಒಂದು ರೂಟ್ ಕೆನಾಲ್ ನಡೆಯುತ್ತಿದೆ ಅಂದುಕೊಳ್ಳಿ. ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿಯಾಗಿದೆ, ರೋಗಿ ಬಾಯಿ ತೆರೆದುಕೊಂಡು ಮಲಗಿದ್ದಾರೆ. ಡಾಕ್ಟರು ಕೈ ಚಾಚಿದರೆ ಬೇಕಾದ ಅಳತೆಯ ಫೈಲು (ಬೇರಿನ ಒಳಗನ್ನು ಉಜ್ಜುವ ಸೂಜಿಯಂಥ ಉಪಕರಣ) ಟ್ರೇಯಲ್ಲಿಲ್ಲ. ಅಸಿಸ್ಟೆಂಟ್ ಗ್ಲೌಸ್ ಬಿಚ್ಚಿ ಒಂದು ಡ್ರಾಯರ್ ತೆಗೆಯುತ್ತಾರೆ, ಇನ್ನೊಂದು ತೆಗೆಯುತ್ತಾರೆ, ಕೊನೆಗೆ ಉಪಕರಣಗಳನ್ನು ಆವಿಯಲ್ಲಿ ಶುದ್ಧಮಾಡುವ ಆಟೋಕ್ಲೇವ್ ಕೋಣೆಗೆ ಓಡುತ್ತಾರೆ. ಐದು ನಿಮಿಷ ಹೋಯಿತು. ಆಮೇಲೆ ಎಕ್ಸ್‌ರೇ ಸೆನ್ಸರಿನ ಕವರ್ ಹುಡುಕುವುದಕ್ಕೆ ಮೂರು ನಿಮಿಷ. ಮುಂದಿನ ರೋಗಿಗೆ ಕುರ್ಚಿ ಒರೆಸಿ ಸಿದ್ಧಮಾಡುವುದಕ್ಕೆ ಹತ್ತರ ಬದಲು ಹದಿನೆಂಟು ನಿಮಿಷ. ದಿನದ ಕೊನೆಗೆ ಕೂಡಿಸಿದರೆ ಒಬ್ಬಿಬ್ಬರು ರೋಗಿಗಳ ಹೊತ್ತು ಹೀಗೇ ಕರಗಿರುತ್ತದೆ.

ಇದಕ್ಕೆ ಮದ್ದು ದುಬಾರಿಯದ್ದಲ್ಲ. ಪ್ರತಿ ಚಿಕಿತ್ಸೆಗೂ ಮೊದಲೇ ಜೋಡಿಸಿ ಸೀಲ್ ಮಾಡಿಟ್ಟ ಟ್ರೇ, ಗೋಡೆಯ ಮೇಲೆ ಅದರ ಪಟ್ಟಿ, ಮತ್ತು ಕೆಲಸ ಬಲ್ಲ ಅಸಿಸ್ಟೆಂಟ್. ಈ ಮೂರನೆಯದ್ದರಲ್ಲೇ ಹೆಚ್ಚಿನ ಕ್ಲಿನಿಕ್‌ಗಳು ಎಡವುತ್ತವೆ. ಮೆಷಿನ್ನಿಗೆ ಸಾಲ ಮಾಡುವವರು ಅಸಿಸ್ಟೆಂಟ್ ಸಂಬಳ ಸ್ವಲ್ಪ ಏರಿಸಲು ಹಿಂದೆಮುಂದೆ ನೋಡುತ್ತಾರೆ. ಪಳಗಿದವರು ಬಿಟ್ಟು ಹೋದಾಗ ಹೊಸಬರು ಕೈಗೆ ಬರುವವರೆಗೆ ಪ್ರತಿ ಕೆಲಸವೂ ನಿಧಾನ. ಆ ನಷ್ಟ ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ, ಅದಕ್ಕೇ ಕಾಣುವುದಿಲ್ಲ.

ಫೋನು, ಫೋಟೋ, ಮೂರು ನಿಮಿಷದ ಮಾತು

ಕ್ಲಿನಿಕ್ಕಿಗೆ ಬರುವ ಫೋನ್ ಕರೆಗಳನ್ನು ಮಾಲೀಕರು ಕೇಳಿಸಿಕೊಳ್ಳುವುದು ಅಪರೂಪ. ‘ಕ್ಯಾಪ್ ಹಾಕಿಸೋಕೆ ಎಷ್ಟಾಗುತ್ತೆ?’ ಅಂತ ಒಬ್ಬರು ಕೇಳುತ್ತಾರೆ. ರಿಸೆಪ್ಷನ್‌ನಲ್ಲಿ ಕೂತವರು ಒಂದು ಮೊತ್ತ ಹೇಳುತ್ತಾರೆ. ‘ಸರಿ, ನೋಡ್ತೀನಿ’ ಅಂತ ಆ ಕಡೆಯವರು ಇಟ್ಟುಬಿಡುತ್ತಾರೆ. ಅಲ್ಲಿಗೆ ಮುಗಿಯಿತು. ಅದರ ಬದಲು ‘ಯಾವ ಹಲ್ಲಿಗೆ ಸರ್? ರೂಟ್ ಕೆನಾಲ್ ಆಗಿದೆಯಾ? ಈಗ ನೋವಿದೆಯಾ? ನಾಳೆ ಸಂಜೆ ಡಾಕ್ಟರು ಒಮ್ಮೆ ನೋಡಲಿ’ ಅಂದರೆ ಕತೆಯೇ ಬೇರೆ. ದರ ಕೇಳುವವರಿಗೆ ಬೇರೇನು ಕೇಳಬೇಕು ಅಂತ ಗೊತ್ತಿರುವುದಿಲ್ಲ, ಅದಕ್ಕೆ ದರ ಕೇಳುತ್ತಾರೆ. ಜಾಹೀರಾತಿಗೆ ಸುರಿದ ದುಡ್ಡು ಫೋನ್ ಎತ್ತುವ ಮೇಜಿನ ಬಳಿ ಸೋರಿಹೋಗುವುದು ಹೀಗೆ.

ಒಳಗೆ ಕುರ್ಚಿಯ ಬಳಿಯೂ ಇದೇ ಕತೆ. ‘ನಿಮ್ಮ ದವಡೆ ಹಲ್ಲಿಗೆ ಕ್ಯಾಪ್ ಬೇಕು’ ಅಂದರೆ ರೋಗಿಗೆ ಕೇಳಿಸುವುದು ಖರ್ಚು ಮಾತ್ರ. ಅವರಿಗೆ ನೋವಿಲ್ಲ, ಹಲ್ಲು ಕಾಣುವುದೂ ಇಲ್ಲ. ಅದೇ ಹಲ್ಲಿನ ಫೋಟೋ ತೆಗೆದು ದೊಡ್ಡದಾಗಿ ಸ್ಕ್ರೀನ್ ಮೇಲೆ ತೋರಿಸಿದರೆ ಹಳೆಯ ದೊಡ್ಡ ಫಿಲ್ಲಿಂಗ್ ಕಾಣುತ್ತದೆ, ಅದರ ಅಂಚಿನಿಂದ ಕೆಳಗಿಳಿದ ಸಣ್ಣ ಬಿರುಕು ಕಾಣುತ್ತದೆ. ಆಗ ‘ಹೀಗೇ ಬಿಟ್ಟರೆ ಏನಾಗುತ್ತೆ?’ ಅನ್ನುವ ಪ್ರಶ್ನೆ ರೋಗಿಯ ಬಾಯಿಂದಲೇ ಬರುತ್ತದೆ. ಉತ್ತರ ಪ್ರಾಮಾಣಿಕವಾಗಿರಬೇಕು: ‘ಕೆಲವು ವರ್ಷ ಏನೂ ಆಗದೆ ಇರಬಹುದು. ಒಂದು ದಿನ ಗಟ್ಟಿ ಕಚ್ಚಿದಾಗ ಸೀಳಬಹುದು. ಸೀಳು ಬೇರಿನವರೆಗೆ ಹೋದರೆ ಹಲ್ಲು ಕೀಳಬೇಕಾಗುತ್ತೆ.’ ಮೂರು ನಿಮಿಷದ ಮಾತು. ಬಿಳಿ ಹಲ್ಲು ಕಿರಿಯುವ ಮುಖಗಳ ಪೋಸ್ಟರಿಗಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ ಅಂತ ನನಗನಿಸುತ್ತದೆ.

ಎಷ್ಟೋ ಕ್ಲಿನಿಕ್‌ಗಳ ಕಂಪ್ಯೂಟರಿನಲ್ಲಿ ಹೇಳಿ, ಬರೆದಿಟ್ಟು, ಶುರುವೇ ಆಗದ ಚಿಕಿತ್ಸೆಗಳ ರಾಶಿ ಇರುತ್ತದೆ. ಅರ್ಧಕ್ಕೆ ಬಿಟ್ಟ ರೂಟ್ ಕೆನಾಲ್, ಹಾಕಿಸದ ಕ್ಯಾಪ್, ಮುಂದೂಡಿದ ಒಸಡಿನ ಚಿಕಿತ್ಸೆ. ಈ ಪಟ್ಟಿ ಹಿಡಿದು ವಾರಕ್ಕೆ ಹತ್ತು ಜನರಿಗೆ ಫೋನ್ ಮಾಡಿ ‘ಹೇಗಿದ್ದೀರಿ, ಆ ಹಲ್ಲು ಈಗ ಹೇಗಿದೆ?’ ಅಂತ ಕೇಳುವುದು ವ್ಯಾಪಾರವೂ ಹೌದು, ವೈದ್ಯವೂ ಹೌದು. ಒಳಗೆ ತಾತ್ಕಾಲಿಕ ಔಷಧಿ ಇಟ್ಟು ಬಿಟ್ಟ ಹಲ್ಲು ತಾನಾಗಿ ಸರಿಹೋಗುವುದಿಲ್ಲ ಅಲ್ವಾ?

ಆರು ತಿಂಗಳಿಗೊಮ್ಮೆ ಬರಬೇಕಾ?

ವ್ಯಾಪಾರ ಮತ್ತು ವೈದ್ಯ ಒಂದೇ ದಾರಿಯಲ್ಲಿ ನಡೆಯುವಾಗ ಏನೂ ಕಷ್ಟವಿಲ್ಲ. ಕವಲಾಗುವ ಕಡೆ ನೋಡಬೇಕು. ಆರು ತಿಂಗಳಿಗೊಮ್ಮೆ ತಪಾಸಣೆ ಅನ್ನುವ ಮಾತನ್ನೇ ತೆಗೆದುಕೊಳ್ಳಿ. ಕ್ಲಿನಿಕ್ಕಿಗೆ ಇದು ಸ್ಥಿರ ಆದಾಯದ ಬುನಾದಿ. ಆದರೆ ಎಲ್ಲರಿಗೂ ಆರು ತಿಂಗಳು ಅನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2004ರಲ್ಲೇ ದೊಡ್ಡವರಿಗೆ 3 ತಿಂಗಳಿಂದ 24 ತಿಂಗಳವರೆಗೆ, ಅವರವರ ಬಾಯಿಯ ಸ್ಥಿತಿ ನೋಡಿ ಅಂತರ ನಿಗದಿ ಮಾಡಿ ಅಂದಿತು. ಅಲ್ಲೇ ನಾಲ್ಕು ವರ್ಷ ನಡೆದು 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಅಪಾಯ ಕಡಿಮೆ ಇರುವವರು ಆರು ತಿಂಗಳಿಗೆ ಬಂದರೂ ಎರಡು ವರ್ಷಕ್ಕೆ ಬಂದರೂ ಒಸಡಿನ ಆರೋಗ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಇದನ್ನು ಓದಿ ಹೆದರುವ ಮಾಲೀಕರಿದ್ದಾರೆ. ನನಗನಿಸುವುದು ಬೇರೆ. ಸಕ್ಕರೆ ಕಾಯಿಲೆ ಇರುವವರು, ಸಿಗರೇಟು ಸೇದುವವರು, ಒಸಡು ಸಡಿಲವಾದವರು, ಬಾಯಿ ಒಣಗಿಸುವ ಮಾತ್ರೆ ತೆಗೆದುಕೊಳ್ಳುವ ಹಿರಿಯರು: ಇವರಿಗೆ ಮೂರ್ನಾಲ್ಕು ತಿಂಗಳಿಗೊಮ್ಮೆ ನಿಜವಾಗಿಯೂ ಬೇಕು. ‘ನಿಮ್ಮ ಬಾಯಿ ಚೆನ್ನಾಗಿದೆ, ಮುಂದಿನ ವರ್ಷ ಬನ್ನಿ ಸಾಕು’ ಅಂತ ಹೇಳಿಸಿಕೊಂಡವರು ಮನೆಯವರನ್ನೆಲ್ಲ ಅದೇ ಕ್ಲಿನಿಕ್ಕಿಗೆ ಕರೆತರುತ್ತಾರೆ. ಸುಮ್ನೆ ಕರೆಸಿದರು ಅನ್ನಿಸಿದವರು ಯಾರನ್ನೂ ಕರೆತರುವುದಿಲ್ಲ.

ದುಡ್ಡು ಹೇಗೆ ಬರುತ್ತದೆ ಅನ್ನುವುದು ಚಿಕಿತ್ಸೆಯನ್ನೇ ತಿರುಗಿಸಬಲ್ಲದು. ಇಂಗ್ಲೆಂಡಿನ ಸರ್ಕಾರಿ ದಂತಸೇವೆ 2006ರಲ್ಲಿ ಹೊಸ ಒಪ್ಪಂದ ತಂದಾಗ ಒಂದೇ ಸರದಿಯ ಚಿಕಿತ್ಸೆಯಲ್ಲಿ ಒಂದು ಫಿಲ್ಲಿಂಗ್ ಮಾಡಿದರೂ ಆರು ಮಾಡಿದರೂ ಡಾಕ್ಟರಿಗೆ ಸಿಗುವ ಅಂಕ (ದುಡ್ಡು ಲೆಕ್ಕವಾಗುವುದು ಈ ಅಂಕದ ಮೇಲೆ) ಒಂದೇ ಆಗಿತ್ತು. ಬಾಯಿ ತುಂಬ ಹುಳುಕಿದ್ದವರನ್ನು ತೆಗೆದುಕೊಂಡರೆ ನಷ್ಟ. ಮೂರು ಅಥವಾ ಅದಕ್ಕಿಂತ ಹೆಚ್ಚು ಹಲ್ಲಿಗೆ ಜಾಸ್ತಿ ಅಂಕ ಅಂತ ತಿದ್ದುಪಡಿ ಬರುವಷ್ಟರಲ್ಲಿ 2022 ಮುಗಿಯುತ್ತಾ ಬಂದಿತ್ತು. ಇದರ ತದ್ವಿರುದ್ಧ, ಪ್ರತಿ ಕೆಲಸಕ್ಕೂ ಬೇರೆಬೇರೆ ದುಡ್ಡು ಸಿಗುವಾಗ ಕೆಲಸ ಹುಡುಕಿ ಮಾಡುವ ಆಸೆ ಬೆಳೆಯುತ್ತದೆ. ಸಂಬಳದ ಡಾಕ್ಟರಿಗೆ ‘ಈ ತಿಂಗಳು ಇಷ್ಟು ಇಂಪ್ಲಾಂಟ್’ (ಹಲ್ಲು ಕಿತ್ತ ಜಾಗದಲ್ಲಿ ದವಡೆಗೇ ಕೂರಿಸುವ ಕೃತಕ ಬೇರು) ಅಂತ ಗುರಿ ಕೊಟ್ಟರೆ ಇನ್ನೂ ಹತ್ತು ವರ್ಷ ಬಾಳಬಹುದಾದ ಹಲ್ಲಿಗೂ ಕುತ್ತು ಬರುತ್ತದೆ. ಬೆಳೆಯುವ ಕ್ಲಿನಿಕ್ಕು ಡಾಕ್ಟರುಗಳಿಗೆ ದುಡ್ಡು ಕೊಡುವ ರೀತಿಯನ್ನು ಬಹಳ ಯೋಚಿಸಿ ಮಾಡಬೇಕು. ಬಂದ ಹಣದಲ್ಲಿ ಪಾಲು ಕೊಟ್ಟರೂ ಒಂದು ಕಟ್ಟು ಇರಬೇಕು: ವರ್ಷದೊಳಗೆ ಬಿದ್ದ ಕ್ಯಾಪನ್ನು, ಫಿಲ್ಲಿಂಗನ್ನು ಅದೇ ಡಾಕ್ಟರು ಪುಕ್ಕಟೆ ಸರಿಮಾಡಬೇಕು.

ಮುಂಗಡ ಹಣ ಆದಾಯವಲ್ಲ

ಫ್ರಾನ್ಸಿನಲ್ಲಿ ಡೆಂಟೆಕ್ಸಿಯಾ ಅನ್ನುವ ಕಡಿಮೆ ದರದ ಸರಣಿ 2016ರಲ್ಲಿ ದಿವಾಳಿಯಾಯಿತು. ಸ್ಪೇನಿನಲ್ಲಿ ಐಡೆಂಟಲ್ 2018ರಲ್ಲಿ ಬಾಗಿಲು ಹಾಕಿತು. ಎರಡೂ ಕಡೆ ರೋಗಿಗಳು ಇಡೀ ಚಿಕಿತ್ಸೆಯ ದುಡ್ಡನ್ನು ಮೊದಲೇ ಕಟ್ಟಿದ್ದರು, ಎಷ್ಟೋ ಮಂದಿ ಅದಕ್ಕೆಂದೇ ಸಾಲ ಮಾಡಿದ್ದರು. ಹಲ್ಲು ಕಿತ್ತಾಗಿತ್ತು, ಹೊಸ ಹಲ್ಲು ಬಂದಿರಲಿಲ್ಲ, ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಅಮೆರಿಕದಲ್ಲಿ 2014ರಲ್ಲಿ ಶುರುವಾದ ಸ್ಮೈಲ್‌ಡೈರೆಕ್ಟ್‌ಕ್ಲಬ್ ಹಲ್ಲು ನೇರಮಾಡುವ ಅಲೈನರ್‌ಗಳನ್ನು ಮನೆಗೇ ಕಳಿಸುತ್ತಿತ್ತು. 2019ರಲ್ಲಿ ಷೇರು ಮಾರುಕಟ್ಟೆಗೆ ಬಂತು, 2023ರ ಡಿಸೆಂಬರ್‌ನಲ್ಲಿ ಮುಚ್ಚಿತು. ಚಿಕಿತ್ಸೆ ಅರ್ಧದಲ್ಲಿದ್ದವರು ಅರ್ಧದಲ್ಲೇ ಉಳಿದರು.

ಮೂರರ ವಿವರ ಬೇರೆಬೇರೆ. ಆದರೆ ಸಣ್ಣ ಕ್ಲಿನಿಕ್ಕಿಗೂ ಇದರಲ್ಲಿ ಪಾಠವಿದೆ. ಎರಡು ವರ್ಷದ ಕ್ಲಿಪ್ ಚಿಕಿತ್ಸೆಗೆ ಮೊದಲ ದಿನವೇ ಪೂರ್ತಿ ದುಡ್ಡು ಬಂದರೆ ಬ್ಯಾಂಕ್ ಖಾತೆ ತುಂಬಿದಂತೆ ಕಾಣುತ್ತದೆ. ಅದು ಲಾಭವಲ್ಲ, ಇನ್ನೂ ಮಾಡದ ಕೆಲಸದ ಸಾಲ. ಅದರಲ್ಲಿ ಹೊಸ ಬ್ರಾಂಚಿನ ಬಾಡಿಗೆ ಕಟ್ಟಿದರೆ ಮುಂದಿನ ವರ್ಷದ ಕೆಲಸ ಮಾಡಲು ಹೊಸ ರೋಗಿಗಳ ಮುಂಗಡ ಬೇಕಾಗುತ್ತದೆ. ಹೊಸಬರು ಬರುವುದು ಒಂದು ತಿಂಗಳು ನಿಂತರೂ ಇಡೀ ಲೆಕ್ಕ ಕುಸಿಯುತ್ತದೆ. ಹಂತಹಂತವಾಗಿ, ಆದ ಕೆಲಸಕ್ಕೆ ತಕ್ಕಂತೆ ತೆಗೆದುಕೊಳ್ಳುವುದು ಇಬ್ಬರಿಗೂ ಕ್ಷೇಮ. ಇಲ್ಲವೇ ಮುಂಗಡವನ್ನು ಬೇರೆ ಖಾತೆಯಲ್ಲಿಟ್ಟು ಕೆಲಸವಾದಷ್ಟು ಮಾತ್ರ ಎತ್ತಿಕೊಳ್ಳಬೇಕು.

ಇಂಥ ಸರಣಿಗಳೂ ಅವುಗಳ ಅಬ್ಬರದ ಪ್ರಚಾರವೂ ಹೊಸದಲ್ಲ ಅನ್ನೋದನ್ನು ಇಲ್ಲಿ ಹೇಳಿಬಿಡಬೇಕು. ನೂರು ವರ್ಷದ ಹಿಂದೆ ಎಡ್ಗರ್ ಪಾರ್ಕರ್ ಅನ್ನುವ ದಂತವೈದ್ಯ ಬ್ಯಾಂಡು ಬಾರಿಸಿಕೊಂಡು ಬೀದಿಯಲ್ಲಿ ಹಲ್ಲು ಕೀಳುತ್ತಿದ್ದ, ಅಮೆರಿಕದ ಪಶ್ಚಿಮ ಕರಾವಳಿಯುದ್ದಕ್ಕೂ ಕ್ಲಿನಿಕ್ ಸರಣಿ ಕಟ್ಟಿದ್ದ. ‘ಪೇನ್‌ಲೆಸ್’ (ನೋವಿಲ್ಲದ) ಅಂತ ಬರೆದುಕೊಳ್ಳಬಾರದು ಎಂದಾಗ 1915ರಲ್ಲಿ ತನ್ನ ಹೆಸರನ್ನೇ ಕಾನೂನು ಪ್ರಕಾರ ಪೇನ್‌ಲೆಸ್ ಪಾರ್ಕರ್ ಅಂತ ಬದಲಾಯಿಸಿಕೊಂಡ!

ಮೆಷಿನ್ ಯಾವಾಗ, ಬ್ರಾಂಚ್ ಯಾವಾಗ

ಮೆಷಿನ್ ಬೇಡವೇ ಬೇಡ ಅಂತಲ್ಲ. ಬಾಯಿಯ ಅಳತೆ ತೆಗೆಯಲು ಪೇಸ್ಟ್ ತುಂಬಿದ ತಟ್ಟೆ ಕಚ್ಚಿಸುವ ಬದಲು ಸ್ಕ್ಯಾನರ್ ಬಂದಿದೆ. ಕುರ್ಚಿಯ ಪಕ್ಕದಲ್ಲೇ ಅಳೆದು, ಬೇಕಾದ ತುಂಡನ್ನು ಅಲ್ಲೇ ಮೆಷಿನ್ನಿನಲ್ಲಿ ಕೊರೆದು ಹಲ್ಲಿಗೆ ಕೂರಿಸುವ ವಿಧಾನ ಜ್ಯೂರಿಕ್‌ನಲ್ಲಿ 1985ರಲ್ಲೇ ಆಗಿತ್ತು, ಆಮೇಲೆ ನಿಧಾನಕ್ಕೆ ಹಬ್ಬಿತು. ಸ್ಕ್ಯಾನರಿನ ನಿಜವಾದ ಬೆಲೆ ರೋಗಿಯ ಬೆರಗಿನಲ್ಲಿಲ್ಲ, ಲ್ಯಾಬಿಗೆ ವಾಪಸ್ ಹೋಗುವ ಕ್ಯಾಪ್‌ಗಳಲ್ಲಿದೆ. ಅಳತೆ ತಪ್ಪಿದ ಕ್ಯಾಪನ್ನು ಲ್ಯಾಬು ಪುಕ್ಕಟೆ ಮತ್ತೆ ಮಾಡಿಕೊಡಬಹುದು. ಆದರೆ ಅದಕ್ಕೆ ಹೋದ ಕುರ್ಚಿಯ ಗಂಟೆಯನ್ನು ಯಾರೂ ವಾಪಸ್ ಕೊಡುವುದಿಲ್ಲ. ಹಾಗಾಗಿ ಮೊದಲು ಕಳೆದ ಆರು ತಿಂಗಳ ಲ್ಯಾಬ್ ಬಿಲ್ಲು ತೆಗೆದು, ಎಷ್ಟು ಕೆಲಸ ವಾಪಸ್ ಹೋಗಿದೆ ಎಣಿಸಿ. ತಿಂಗಳ ಕಂತಿನ ಪಕ್ಕದಲ್ಲಿ ಆ ಸಂಖ್ಯೆ ಇಡಿ. ಮಾರಲು ಬಂದವರು ತೋರಿಸುವ ಲೆಕ್ಕದಲ್ಲಿ ಈ ಸಾಲು ನಿಮ್ಮ ಕ್ಲಿನಿಕ್ಕಿನದಾಗಿರುವುದಿಲ್ಲ.

ಬ್ರಾಂಚಿಗೆ ಮೊದಲಿನ ನೂರರ ಲೆಕ್ಕವನ್ನೇ ಮುಂದುವರಿಸೋಣ. ಎರಡನೇ ಜಾಗಕ್ಕೂ ಬಾಡಿಗೆ, ಸಂಬಳ, ಕಂತು ಸೇರಿ ಇನ್ನೊಂದು 50. ಕೆಲಸ ಒಂದೂವರೆ ಪಟ್ಟಾಯಿತು, ಬಂದದ್ದು 150. ಸಾಮಾನಿಗೆ 30, ಉಳಿದ ಖರ್ಚು 100. ಕೈಗೆ 20. ಒಂದೇ ಕ್ಲಿನಿಕ್ ಇದ್ದಾಗ 30 ಉಳಿಯುತ್ತಿತ್ತು. ಬೋರ್ಡು ಎರಡಾಯಿತು, ಓಡಾಟ ಎರಡರಷ್ಟಾಯಿತು, ದುಡ್ಡು ಕಡಿಮೆಯಾಯಿತು. ಮೊದಲ ಜಾಗದಲ್ಲಿ ಮಾಲೀಕರು ವಾರಕ್ಕೆ ಮೂರೇ ದಿನ ಇರುವುದರಿಂದ ಅಲ್ಲಿನ ಹಳೆಯ ರೋಗಿಗಳೂ ಸರಿಯುವುದುಂಟು.

ಅದೇ ಕೋಣೆಯಲ್ಲಿ ಎರಡನೇ ಕುರ್ಚಿ ಹಾಕುವುದು ಇದಕ್ಕಿಂತ ಅಗ್ಗ. ಕಂಪ್ರೆಸರ್, ಆಟೋಕ್ಲೇವ್, ಎಕ್ಸ್‌ರೇ, ರಿಸೆಪ್ಷನ್ ಎಲ್ಲ ಹಳೆಯದೇ. ಒಬ್ಬರಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಕಾಯುವ ಹೊತ್ತಿನಲ್ಲಿ ಪಕ್ಕದ ಕುರ್ಚಿಯವರನ್ನು ಪರೀಕ್ಷೆ ಮಾಡಬಹುದು. ಅಲ್ಲಿ ಇನ್ನೊಬ್ಬ ಡಾಕ್ಟರು ವಾರಕ್ಕೆರಡು ದಿನ ಕೂತು, ರೋಗಿಗಳು ಅವರನ್ನೂ ಕೇಳಿಕೊಂಡು ಬರುವಂತಾದರೆ ಬ್ರಾಂಚಿನ ಮಾತು ಆಮೇಲೆ.

ಈ ಕೊನೆಯ ಅಂಶಕ್ಕೆ ಇನ್ನೊಂದು ಮುಖವಿದೆ. ಒಂದು ದಿನ ಕ್ಲಿನಿಕ್ ಮಾರಬೇಕಾಗುತ್ತದೆ. ಕೊಳ್ಳಲು ಬಂದವರು ಕುರ್ಚಿಯ ಬ್ರಾಂಡ್ ಕೇಳುವುದು ಕೊನೆಗೆ. ಮೊದಲು ಕೇಳುವುದು: ಕಳೆದ ಒಂದೂವರೆ, ಎರಡು ವರ್ಷದಲ್ಲಿ ಎಷ್ಟು ರೋಗಿಗಳು ವಾಪಸ್ ಬಂದಿದ್ದಾರೆ, ಬಾಡಿಗೆ ಕರಾರು ಇನ್ನೆಷ್ಟು ವರ್ಷ ಇದೆ, ಮುಂಗಡ ತೆಗೆದುಕೊಂಡು ಬಾಕಿ ಉಳಿದ ಕೆಲಸ ಎಷ್ಟು, ಬಂದ ದುಡ್ಡಿನಲ್ಲಿ ಮಾಲೀಕರ ಒಬ್ಬರ ಕೈಯಿಂದಲೇ ಆದದ್ದೆಷ್ಟು. ಆ ಕೊನೆಯ ಉತ್ತರ ‘ಎಲ್ಲವೂ ನನ್ನದೇ’ ಅಂತಾದರೆ ಬೆಲೆ ಇಳಿಯುತ್ತದೆ. ಮಾರಿದ ಮೇಲೂ ಒಂದೆರಡು ವರ್ಷ ಅಲ್ಲೇ ಸಂಬಳಕ್ಕೆ ಕೆಲಸ ಮಾಡಬೇಕು ಅನ್ನುವ ಷರತ್ತು ಕರಾರಿನಲ್ಲಿ ಸೇರಿಕೊಳ್ಳುತ್ತದೆ.